ಎರಡು ದೇಶ ಸೇರಿ ಒಂದು ನಾಟಕ: ಇನ್ನು ಮುಂದೆ ಹೇಗೆ ಮಾಡುವುದು?

ತೆರೆಮರೆ:
ಮೊನ್ನೆ ಒಂದು ಹೊಸ ನಾಟಕದ ಮಾತುಕತೆಗೆ ಕೂತಿದ್ದೆವು. ಎರಡು ದೇಶದ ತಂಡಗಳು ಸೇರಿ ಮಾಡುವ ನಾಟಕ. ಮೂರು ಗಂಟೆ ಮಾತು ನಡೆಯಿತು. ಅದರಲ್ಲಿ ನಾಟಕದ ಬಗ್ಗೆ ಮಾತಾಡಿದ್ದು ಕೊನೆಯ ಹತ್ತು ನಿಮಿಷ. ಉಳಿದದ್ದೆಲ್ಲ ವೀಸಾ, ವಿಮಾನದ ಟಿಕೆಟ್, ಪೆಟ್ಟಿಗೆಗಳ ತೂಕ, ತೆರಿಗೆ. ವಾಪಸ್ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಇದನ್ನು ಇನ್ನೂ ಎಷ್ಟು ವರ್ಷ ಹೀಗೇ ಎಳೆಯುತ್ತೇವೆ?

ನಾನು ಸ್ಟೇಜ್ ಮ್ಯಾನೇಜರ್. ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ಎಣಿಸುವುದು ನನ್ನ ಕೆಲಸ. ಈಗಿನ ಪದ್ಧತಿಗೆ ಮುಕ್ಕಾಲು ಶತಮಾನ ಆಗಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಉತ್ಸವ ಶುರುವಾದದ್ದು 1947ರಲ್ಲಿ. ಮಹಾಯುದ್ಧ ಮುಗಿದು ಎರಡೇ ವರ್ಷ. ಬೇರೆ ಬೇರೆ ದೇಶದ ಕಲಾವಿದರನ್ನು ಒಂದೇ ಊರಿಗೆ ಕರೆಸುವುದೇ ಆಗ ದೊಡ್ಡ ಮಾತು. ಮರುವರ್ಷ ಯುನೆಸ್ಕೋ ನೆರವಿನಿಂದ ಅಂತರರಾಷ್ಟ್ರೀಯ ರಂಗಭೂಮಿ ಸಂಸ್ಥೆ ಹುಟ್ಟಿತು. ಆಮೇಲೆ ಜಗತ್ತಿನ ತುಂಬ ಉತ್ಸವಗಳು. ಎಲ್ಲ ಕಡೆ ಒಂದೇ ಲೆಕ್ಕ: ಮನೆಯಲ್ಲಿ ಆಟ ಕಟ್ಟು, ಪೆಟ್ಟಿಗೆಗೆ ತುಂಬು, ಹಾರು, ಎರಡು ದಿನ ಆಡು, ಮತ್ತೆ ತುಂಬು.

ಒಮ್ಮೆ ವಾಪಸ್ ಬರುವಾಗ ಕಸ್ಟಮ್ಸ್‌ನಲ್ಲಿ ನಮ್ಮ ಮುಖವಾಡಗಳ ಪೆಟ್ಟಿಗೆ ಬಿಚ್ಚಿಸಿದರು. ಎಟಿಎ ಕಾರ್ನೆಟ್ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಸಾಮಾನು ಮಾರಲಿಕ್ಕಲ್ಲ, ಬಳಸಿ ವಾಪಸ್ ಒಯ್ಯುತ್ತೇವೆ ಅಂತ ಬರೆದುಕೊಡುವ ಕಾಗದದ ಕಟ್ಟು ಅದು. ಹಸಿರು ರಟ್ಟು, ಒಳಗೆ ಹಳದಿ ಹಾಳೆ, ಬಿಳಿ ಹಾಳೆ. ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಸುಂಕ ಕಟ್ಟಬೇಕಿಲ್ಲ, ಆದರೆ ಒಳಗೆ ಹೋದ ಸಾಮಾನು ಒಂದೂ ಬಿಡದಂತೆ ಹೊರಗೆ ಬರಬೇಕು. ಪಟ್ಟಿಯಲ್ಲಿ 14 ಮುಖವಾಡ ಇದ್ದವು. ಅಧಿಕಾರಿ ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. 13. ಇನ್ನೊಮ್ಮೆ ಎಣಿಸಿದ. 13. ಹದಿಮೂರೂ ಮುಖ ನನ್ನನ್ನೇ ನೋಡುತ್ತಿದ್ದವು. ವಿಮಾನಕ್ಕೆ ಕೊನೆಯ ಕರೆ ಬೇರೆ ಆಗುತ್ತಿತ್ತು.

ನನಗೆ ಅನಿಸುವುದು ಇಷ್ಟು. ಹತ್ತು ಊರು, ಊರಿಗೆ ಎರಡು ದಿನ ಎನ್ನುವ ತಿರುಗಾಟ ಸಾಕು. ಒಂದೇ ಊರಿಗೆ ಹೋಗಿ ಆರು ವಾರ ಇರೋಣ. ಅಲ್ಲಿಯವರ ಜೊತೆ ಅಲ್ಲೇ ಕಟ್ಟೋಣ. ನೀವೇನಂತೀರಿ?

ದೀಪದ ಬುಡ:
ಮೊದಲೆಲ್ಲ ಬೆಳಕಿನ ಸಾಮಾನನ್ನೂ ಹೊತ್ತುಕೊಂಡು ಹೋಗುತ್ತಿದ್ದೆವು. ಈಗ ನಾನು ಒಯ್ಯುವುದು ಒಂದು ಪೆನ್‌ಡ್ರೈವ್, ಒಂದು ನಕ್ಷೆ, ಬಣ್ಣದ ಹಾಳೆಗಳ ಒಂದು ಸುರುಳಿ. ಅಲ್ಲಿರುವ ದೀಪಗಳಲ್ಲೇ ಕೆಲಸ. ಬೆನ್ನು ಉಳಿದಿದೆ. ರಂಗಸಜ್ಜಿಕೆಯೂ ಹೀಗೇ ಆಗಬೇಕು. ಬ್ರಿಟನ್ನಿನ ರಂಗಭೂಮಿಯವರು 2021ರಲ್ಲಿ ಥಿಯೇಟರ್ ಗ್ರೀನ್ ಬುಕ್ ಅಂತ ಪರಿಸರಸ್ನೇಹಿ ನಾಟಕಕ್ಕೆ ಒಂದು ಕೈಪಿಡಿ ಹೊರತಂದರು. ಹೊಸದಾಗಿ ಮಾಡಿಸುವ ಮೊದಲು ಹಳೆಯದು ಸಿಗುತ್ತದಾ ನೋಡಿ, ಆಟ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಯೋಚಿಸಿ ಅನ್ನುತ್ತದೆ. ಇದು ಬಡ ತಂಡಗಳಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ, ಪುಸ್ತಕ ಮಾಡಿರಲಿಲ್ಲ ಅಷ್ಟೇ.

ಅರ್ಜಿ ಅಕ್ಕ:
ತೆರೆಮರೆಯವರೇ, ನಿಮ್ಮ ಮಾತು ಕೇಳಲು ಚೆಂದ. ಆದರೆ ಆರು ವಾರ ಇರಲು ಬಿಡುವವರು ಯಾರು? ನಾನು ತಂಡಗಳಿಗೆ ಅನುದಾನದ ಅರ್ಜಿ, ವೀಸಾ ಅರ್ಜಿ ಬರೆಯುವವಳು. ನನ್ನ ಅನುಭವದಲ್ಲಿ ಎರಡು ದಿನದ ವೀಸಾ ಸಿಗುವುದೇ ಕಷ್ಟ. ಆರು ವಾರ ಅಂದರೆ ಕಿಟಕಿಯ ಆಚೆ ಕೂತವರ ಹುಬ್ಬು ಮೇಲೇರುತ್ತದೆ. "ಅಷ್ಟು ದಿನ ಯಾಕೆ? ವಾಪಸ್ ಹೋಗುತ್ತೀರಿ ಅಂತ ಏನು ಖಾತ್ರಿ?"

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಹೊರಗಿನವರಿಗೆ 180 ದಿನದಲ್ಲಿ 90 ದಿನ ಅಂತ ಮಿತಿ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರಿಂದ 2021ರ ಜನವರಿಯಿಂದ ಅದು ಬ್ರಿಟನ್ನಿನ ಸಂಗೀತಗಾರರಿಗೂ ಬಂತು. ಆಗ ಎಷ್ಟು ಗಲಾಟೆ! ಅವರ ಕಷ್ಟ ಸುಳ್ಳಲ್ಲ. ಆದರೆ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕಲಾವಿದರು ಹುಟ್ಟಿದಾಗಿನಿಂದ ಅದೇ ಸಾಲಿನಲ್ಲಿ ನಿಂತಿದ್ದಾರೆ ಅಲ್ವಾ. ಅಮೆರಿಕ 2024ರ ಏಪ್ರಿಲ್‌ನಲ್ಲಿ ಕಲಾವಿದರ ಓ ವರ್ಗದ ವೀಸಾ ಅರ್ಜಿಯ ಶುಲ್ಕವನ್ನು 460 ಡಾಲರ್‌ನಿಂದ 1,055ಕ್ಕೆ ಏರಿಸಿತು. ಸಣ್ಣ ಸಂಸ್ಥೆಗಳಿಗೆ ರಿಯಾಯಿತಿ ಇದೆ, ನಿಜ. ಆದರೆ ಅರ್ಜಿ ಹಾಕುವುದು ಕರೆಸುವವರು. ಖರ್ಚು ಏರಿದಷ್ಟೂ ಅವರು ಹೆಸರಿದ್ದವರನ್ನೇ ಕರೆಸುತ್ತಾರೆ. ಹೊಸಬರು ಔಟ್.

ತೆರಿಗೆಯದು ಇನ್ನೊಂದು ಕಥೆ. ಬೇರೆ ಕೆಲಸದವರು ಸ್ವಲ್ಪ ದಿನಕ್ಕೆ ಹೋಗಿ ಬಂದರೆ ಸಾಮಾನ್ಯವಾಗಿ ತಮ್ಮ ದೇಶದಲ್ಲೇ ತೆರಿಗೆ ಕಟ್ಟುತ್ತಾರೆ. ಕಲಾವಿದರಿಗೂ ಕ್ರೀಡಾಪಟುಗಳಿಗೂ ಹಾಗಲ್ಲ. ಎಷ್ಟೋ ದೇಶಗಳು ತೆರಿಗೆ ಒಪ್ಪಂದಕ್ಕೆ ಬಳಸುವ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಮಾದರಿಯಲ್ಲಿ 17ನೇ ವಿಧಿ ಅಂತ ಒಂದಿದೆ. ಒಂದೇ ಒಂದು ಸಂಜೆ ಆಡಿದರೂ ಆಡಿದ ದೇಶ ತೆರಿಗೆ ಹಾಕಬಹುದು. ಮನೆಗೆ ಬಂದ ಮೇಲೆ ಅದನ್ನು ವಾಪಸ್ ಪಡೆಯಲು ಅಥವಾ ಹೊಂದಿಸಲು ಕಾಗದ ಬೇಕು. ಆ ಕಾಗದ ಬರುವಷ್ಟರಲ್ಲಿ ತಂಡವೇ ಒಡೆದುಹೋಗಿರುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಹೆಜ್ಜೆ:
ಅಕ್ಕಾ, ಹಾಗಾದರೆ ಯಾರೂ ಹೋಗದೇ ಮಾಡುವ ದಾರಿಗಳಿವೆಯಲ್ಲ. ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ 2019ರಲ್ಲಿ ಪರಿಸರದ ಕಾರಣಕ್ಕೆ ತನ್ನ ತಂಡ ಇನ್ನು ವಿಮಾನ ಹತ್ತುವುದಿಲ್ಲ ಅಂದುಬಿಟ್ಟರು. ದೂರದ ನರ್ತಕರಿಗೆ ವಿಡಿಯೋ ಕಾಲ್‌ನಲ್ಲೇ ಅಭ್ಯಾಸ. ಆಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್‌ನ ವಿಡಿ ರಂಗಮಂದಿರ ಅವರನ್ನೂ ಬ್ರಿಟನ್ನಿನ ನಿರ್ದೇಶಕಿ ಕೇಟಿ ಮಿಚೆಲ್ ಅವರನ್ನೂ ಸೇರಿಸಿಕೊಂಡು ಇನ್ನೊಂದು ಪ್ರಯೋಗ ಮಾಡಿತು. ಜನ ಪ್ರಯಾಣ ಮಾಡುವುದಿಲ್ಲ, ಸಾಮಾನೂ ಮಾಡುವುದಿಲ್ಲ. ಬರಹ ಮಾತ್ರ ಹೋಗುತ್ತದೆ. ಪ್ರತಿ ಊರಿನಲ್ಲಿ ಅಲ್ಲಿಯದೇ ನಿರ್ದೇಶಕರು, ನಟರು ಅದನ್ನು ಹೊಸದಾಗಿ ಕಟ್ಟುತ್ತಾರೆ.

ನಾನೂ ಒಂದು ನೃತ್ಯವನ್ನು ಪೂರ್ತಿ ಪರದೆ ನೋಡಿ ಕಲಿತೆ. ಮೊದಲ ವಾರ ಎಡ ಬಲ ಗೊಂದಲ. ಕಲಿಸುವವರ ಪರದೆ ಕನ್ನಡಿಯ ಹಾಗೆ ತಿರುಗುತ್ತಿತ್ತು, ನನ್ನದು ತಿರುಗುತ್ತಿರಲಿಲ್ಲ. ಅದು ಹೇಗೋ ಸರಿಹೋಯಿತು. ದೊಡ್ಡ ತೊಂದರೆ ಬೇರೆಯದೇ ಇತ್ತು. ಹೆಜ್ಜೆ ಹಾಕಿದರೆ ಅವರಿಗೆ ಕೇಳುತ್ತಲೇ ಇರಲಿಲ್ಲ! ಮಾತು ಚೆನ್ನಾಗಿ ಕೇಳುತ್ತಿತ್ತು, ಉಸಿರು ಕೂಡ. ಅಂಗಾಲು ನೆಲಕ್ಕೆ ಬಡಿದ ಕ್ಷಣ ಮಾತ್ರ ಮೌನ. ಆಪ್ ಅದನ್ನು ಗದ್ದಲ ಅಂತ ತಿಳಿದು ಅಳಿಸಿಹಾಕುತ್ತಿತ್ತು. ಗದ್ದಲ ತೆಗೆಯುವ ಸೆಟ್ಟಿಂಗ್ ಆಫ್ ಮಾಡಬೇಕು ಅಂತ ಗೊತ್ತಾಗುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಹತ್ತು ದಿನ ಅವರು ನನಗೆ "ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ" ಅನ್ನುತ್ತಿದ್ದರು. ನನ್ನ ಹಿಮ್ಮಡಿ ಬಾತುಹೋಗಿತ್ತು.

ಸಣ್ಣ ತಾಳ:
ಹೆಜ್ಜೆಯವರೇ, ನಗು ಬಂತು, ಕ್ಷಮಿಸಿ. ತಾಳವಾದ್ಯದವರ ಗೋಳೂ ಇದೇ.

ಇಂಟರ್ನೆಟ್ ವೇಗ ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಆಗುವುದಿಲ್ಲ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾದರೆ ಮುಂದಿನದಕ್ಕೆ ಹೋಗಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಲ್ಲಿ ನನ್ನಿಂದ 10 ಮೀಟರ್ ದೂರ ನಿಂತವರ ಪೆಟ್ಟು ನನ್ನ ಕಿವಿಗೆ ಬರಲು ಸುಮಾರು 29 ಮಿಲಿಸೆಕೆಂಡ್ ಬೇಕು. ಹೆಚ್ಚುಕಡಿಮೆ ಅಲ್ಲಿಯವರೆಗೆ ಇಬ್ಬರೂ ಒಟ್ಟಿಗೆ ಬಾರಿಸಬಹುದು. ಅದು ದಾಟಿದರೆ ನಾನು ಅವರಿಗೆ ಕಾಯುತ್ತೇನೆ, ಅವರು ನನಗೆ ಕಾಯುತ್ತಾರೆ, ಲಯ ನಿಧಾನಕ್ಕೆ ಕುಸಿಯುತ್ತಾ ಹೋಗುತ್ತದೆ.

ಈಗ ಕೇಬಲ್ ನೋಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್. ಆರು ಸಾವಿರ ಕಿಲೋಮೀಟರ್ ಆಚೆ ಇದ್ದರೆ ಅದೇ 30. ಕಂಪ್ಯೂಟರ್ ತನ್ನ ಪಾಲಿನ ಸಮಯ ತೆಗೆದುಕೊಳ್ಳುವ ಮೊದಲೇ ಕಥೆ ಮುಗಿಯಿತು. ಯಾವ ಕಂಪನಿ ಬಂದರೂ ಬೆಳಕಿನ ವೇಗದ ಮಿತಿಯನ್ನು ದಾಟಲಾಗದು. ಇಟಲಿಯ ತ್ರಿಯೆಸ್ತೆಯ ಸಂಗೀತ ಶಾಲೆಯವರು ಮಾಡಿದ ಲೋಲಾ, ಸ್ಟ್ಯಾನ್‌ಫರ್ಡ್‌ನಿಂದ ಬಂದ ಜಾಕ್‌ಟ್ರಿಪ್ ಇವೆಲ್ಲ ನಿಜಕ್ಕೂ ಒಳ್ಳೆಯ ಸಾಧನಗಳು. ಪಕ್ಕದ ದೇಶದವರ ಜೊತೆ ನುಡಿಸಬಹುದು. ಸಮುದ್ರದ ಆಚೆಯವರ ಜೊತೆ ಒಂದೇ ತಾಳಕ್ಕೆ ಕೂಡಲು ಆಗದು.

ನನಗೆ ಇಷ್ಟವಾದದ್ದು ಬೇರೆ. ಒಬ್ಬ ಗೆಳತಿ ಇನ್ನೊಂದು ಖಂಡದಲ್ಲಿದ್ದಾಳೆ. ತಡ ಆಗುತ್ತದೆ ಅಂತ ಗೊತ್ತಿದ್ದೇ ಒಂದು ತುಣುಕು ಕಟ್ಟಿದೆವು. ನಾನು ಬಾರಿಸಿದ್ದು ಅವಳಿಗೆ ತಡವಾಗಿ ತಲುಪುತ್ತದೆ, ಅವಳ ಉತ್ತರ ನನಗೆ ಇನ್ನೂ ತಡ. ಆ ಸಂದನ್ನೇ ಒಂದು ಎಣಿಕೆ ಅಂತ ಇಟ್ಟುಕೊಂಡೆವು. ಅವಳ ಕೋಣೆಯಲ್ಲಿ ಕೂತವರು ಕೇಳುವ ಸಂಗೀತವೇ ಬೇರೆ, ನನ್ನ ಕೋಣೆಯವರು ಕೇಳುವುದೇ ಬೇರೆ. ಎರಡೂ ಸರಿ. ಯಾವುದು ಅಸಲಿ ಅಂತ ಯಾರೋ ಕೇಳಿದರು. ನಮಗೇ ಗೊತ್ತಿಲ್ಲ.

ಅಂದಹಾಗೆ ಪೆಟ್ಟಿಗೆ ವಿಷಯ ಬಂತಲ್ಲ. ನಾನು ಮರಿಂಬಾ ನುಡಿಸುತ್ತೇನೆ, ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ. ಅದರ ಪಟ್ಟಿಗಳು ಬೀಟೆ ಜಾತಿಯ ಮರದವು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರದ ಒಪ್ಪಂದ ಇದೆಯಲ್ಲ, ಸೈಟಿಸ್, ಅದು 2017ರಲ್ಲಿ ಆ ಕುಲದ ಅಷ್ಟೂ ಮರಗಳನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿತು. ಆಗ ಎಲ್ಲರೂ ಕಂಗಾಲು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಕಾಡೂ ಉಳಿಯಬೇಕು, ಸರಿ. ಆದರೆ ಆ ಸುಮಾರು ಮೂರು ವರ್ಷ ನಾನು ಹೋದಲ್ಲೆಲ್ಲ ಅಲ್ಲಿಯ ವಾದ್ಯವನ್ನೇ ಬಾಡಿಗೆಗೆ ಪಡೆದೆ. ಒಂದೊಂದರದು ಒಂದೊಂದು ಅಗಲ. ಕೈ ಪ್ರತಿ ಊರಲ್ಲಿ ಮೊದಲಿನಿಂದ ಕಲಿಯಬೇಕಿತ್ತು.

ಹಳೆ ನಟ:
ನೀವೆಲ್ಲ ತಂತಿ, ಕಾಗದ ಅಂತ ಮಾತಾಡುತ್ತಿದ್ದೀರಿ. ನಾನು ಹೆಸರಿನ ಬಗ್ಗೆ ಕೇಳುತ್ತೇನೆ. ಒಟ್ಟಿಗೆ ಮಾಡಿದ್ದು ಕೊನೆಗೆ ಯಾರದು ಅನ್ನಿಸಿಕೊಳ್ಳುತ್ತದೆ?

ಬ್ರಿಟನ್ನಿನ ನಿರ್ದೇಶಕ ಪೀಟರ್ ಬ್ರೂಕ್ ಅವರ ಮಹಾಭಾರತ 1985ರಲ್ಲಿ ಫ್ರಾನ್ಸಿನ ಅವಿನ್ಯಾನ್ ಉತ್ಸವದಲ್ಲಿ ಆಯಿತು. ಊರ ಹೊರಗಿನ ಕಲ್ಲಿನ ಕ್ವಾರಿಯಲ್ಲಿ, ಒಂಬತ್ತು ಗಂಟೆ. ಹಲವು ದೇಶದ ನಟರು. ಅದರ ಅಂದದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ದೇಶದ ರಂಗವಿಮರ್ಶಕ ರುಸ್ತುಂ ಭರೂಚಾ ಆಗಲೇ ಕಟುವಾಗಿ ಬರೆದರು. ಕಥೆಯನ್ನು ಅದರ ನೆಲದಿಂದ ಕಿತ್ತುಕೊಂಡು ಹೋದ ಹಾಗಾಯಿತು ಎನ್ನುವುದು ಅವರ ದೂರಿನ ತಿರುಳು. ಬ್ರೂಕ್ ಕಡೆಯವರು ಇದು ಮನುಷ್ಯರೆಲ್ಲರ ಕಥೆ ಅಂದರು. ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಭರೂಚಾ ಕಡೆಗೆ ವಾಲುತ್ತದೆ. ಯಾಕೆಂದರೆ ನಾನು ಅಂಥ ಒಂದು ನಾಟಕದಲ್ಲಿ ಇದ್ದೆ. ಮೂರು ತಿಂಗಳು ನಮ್ಮ ಹಾಡು, ನಮ್ಮ ನಡಿಗೆ, ನಾವು ಕೂರುವ ರೀತಿ ಎಲ್ಲ ಕೇಳಿ ಬರೆದುಕೊಂಡರು. ನಾಟಕದ ಪರಿಚಯ ಪುಸ್ತಿಕೆಯಲ್ಲಿ ನಿರ್ದೇಶಕರ ಹೆಸರು ಮುಖಪುಟದಲ್ಲಿ. ನಾವು ಕೊನೆಯ ಪುಟದಲ್ಲಿ "ಇವರ ಸಹಕಾರದಿಂದ". ಯಾರೂ ಮೋಸ ಮಾಡಲಿಲ್ಲ. ಕರಾರಿನಲ್ಲಿ ಇದ್ದದ್ದೇ ಅಷ್ಟು. ನಾನು ಓದದೆ ಸಹಿ ಹಾಕಿದ್ದೆ.

ಮೂರನೇ ಸಾಲು:
ನಾನು ಬರೀ ಪ್ರೇಕ್ಷಕ. ಸಿನಿಮಾ ಮಂದಿರದಲ್ಲಿ ನಾಟಕ, ಒಪೆರಾ ನೋಡುವುದು ನನಗಂತೂ ವರ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ 2006ರಲ್ಲಿ ಶುರುಮಾಡಿತು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ. ಅದಿಲ್ಲದಿದ್ದರೆ ನನ್ನಂಥವರು ಇವನ್ನೆಲ್ಲ ಎಲ್ಲಿ ನೋಡಬೇಕಿತ್ತು? ಇದೂ ಮುಂದಿನ ದಾರಿ ಅಲ್ವಾ?

ತೆರೆಮರೆ:
ನೋಡಲು ಒಳ್ಳೆಯದೇ. ಆದರೆ ಅದು ಒಂದು ಕಡೆಯಿಂದ ಹರಿಯುವ ನೀರು. ಅವರು ಆಡುತ್ತಾರೆ, ನಾವು ನೋಡುತ್ತೇವೆ. ಒಟ್ಟಿಗೆ ಕಟ್ಟುವುದು ಅದರಲ್ಲಿ ಎಲ್ಲಿದೆ? ದೊಡ್ಡ ಮನೆಗಳ ನಾಟಕ ಹತ್ತಿರದ ಪರದೆಗೇ ಬಂದರೆ ಹೊರಗಿನ ಸಣ್ಣ ತಂಡವನ್ನು ಯಾರೂ ಕರೆಸಲಿಕ್ಕಿಲ್ಲ ಅಂತಲೂ ನನಗೆ ಭಯ.

ಹಳೆ ನಟರೇ, ನಿಮ್ಮ ಮಾತು ನನ್ನ ಆರು ವಾರದ ಮಾತಿಗೂ ಅನ್ವಯಿಸುತ್ತದೆ ಸಾರ್. ಜಾಸ್ತಿ ದಿನ ಇದ್ದರೆ ಜಾಸ್ತಿ ಬರೆದುಕೊಂಡು ಹೋಗಬಹುದು ಅಷ್ಟೇ ಅಂತ ಆಗಬಾರದು. ಈಗ ನಾವು ಮೊದಲ ದಿನವೇ ಕರಾರನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ನಾಳೆ ಯಾವುದಾದರೂ ಒಂದು ತಂಡ ಇದನ್ನು ಇನ್ನೊಂದು ತಂಡ ಇಲ್ಲದೆ ಆಡಬಹುದೇ? ಆಡಿದರೆ ದುಡ್ಡು ಹೇಗೆ ಹಂಚಿಕೆ? ರೆಕಾರ್ಡಿಂಗ್ ಯಾರ ಹತ್ತಿರ ಇರಬೇಕು? ಓದಲು ಒಂದು ಇಡೀ ಬೆಳಗ್ಗೆ ಹೋಗುತ್ತದೆ. ನಟರು ಆಕಳಿಸುತ್ತಾರೆ. ಪರವಾಗಿಲ್ಲ, ಆಕಳಿಸಲಿ.

ಅರ್ಜಿ ಅಕ್ಕ:
ಹೆಜ್ಜೆಯವರಿಗೆ ಉತ್ತರ ಕೊಡುವುದು ಬಾಕಿ ಇತ್ತು. ಜೆರೋಮ್ ಬೆಲ್ ಮಾಡಿದ್ದು ತಪ್ಪು ಅನ್ನುವುದಿಲ್ಲ. ಆದರೆ ಅವರು ವಿಮಾನ ಬಿಡುವ ಹೊತ್ತಿಗೆ ಅವರ ಹೆಸರು ಜಗತ್ತೆಲ್ಲ ಸುತ್ತಿಬಂದಿತ್ತು. ಇನ್ನೂ ಒಮ್ಮೆಯೂ ಹತ್ತದ ಹುಡುಗಿಗೆ "ಹಾರಬೇಡ, ಭೂಮಿ ಬಿಸಿಯಾಗುತ್ತಿದೆ" ಅಂದರೆ ಅವಳ ನೃತ್ಯವನ್ನು ನೋಡಿದವರು ಯಾರು, ಕರೆಯುವವರು ಯಾರು? ಉಂಡವರು ಉಪವಾಸದ ಮಹಿಮೆ ಹೇಳಿದ ಹಾಗೆ. ಹಾರಾಟ ಕಡಿಮೆ ಆಗಬೇಕು ಅಂದರೆ ಮೊದಲು ನೂರು ಸಲ ಹಾರಿದವರದು ಕಡಿಮೆಯಾಗಲಿ. ಯುನೆಸ್ಕೋದ 2005ರ ಸಾಂಸ್ಕೃತಿಕ ವೈವಿಧ್ಯದ ಒಪ್ಪಂದದ 16ನೇ ವಿಧಿ ಓದಿ. ಬೆಳೆಯುತ್ತಿರುವ ದೇಶಗಳ ಕಲಾವಿದರಿಗೆ ಮುಂದುವರಿದ ದೇಶಗಳು ವಿಶೇಷ ಅನುಕೂಲ ಕೊಡಬೇಕು ಅಂತ ಸ್ಪಷ್ಟವಾಗಿ ಇದೆ. ಸಹಿ ಹಾಕಿದವರು ಬೇಕಾದಷ್ಟು ಜನ. ವೀಸಾ ಕಿಟಕಿಯಲ್ಲಿ ಕೂತವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆದರೆ ಬರಹ ಮಾತ್ರ ಪ್ರಯಾಣ ಮಾಡುವ ಉಪಾಯಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಬೇರೊಂದಿದೆ. ಇರಾನಿನ ನಾಟಕಕಾರ ನಸೀಂ ಸುಲೈಮಾನ್‌ಪುರ್. ಕಡ್ಡಾಯ ಸೈನ್ಯ ಸೇವೆಗೆ ಹೋಗಲ್ಲ ಅಂದದ್ದಕ್ಕೆ ಪಾಸ್‌ಪೋರ್ಟ್ ಸಿಗಲಿಲ್ಲ. ಆತ ದೇಶ ದಾಟಲು ಆಗದೆ ನಾಟಕವನ್ನೇ ಕಳಿಸಿದ. ಬಿಳಿ ಮೊಲ, ಕೆಂಪು ಮೊಲದ ನಾಟಕ ಅದು. ನಿರ್ದೇಶಕರಿಲ್ಲ, ಅಭ್ಯಾಸ ಇಲ್ಲ. ಪ್ರತಿ ರಾತ್ರಿ ಹೊಸ ನಟ. ಲಕೋಟೆ ಒಡೆಯುವುದೇ ವೇದಿಕೆಯ ಮೇಲೆ, ಅಲ್ಲಿಯವರೆಗೆ ಒಳಗೆ ಏನಿದೆ ಗೊತ್ತಿಲ್ಲ. 2011ರಿಂದ ಅದು ಊರೂರು ಸುತ್ತಿತು. ಬರೆದವನು ಮನೆಯಲ್ಲೇ ಇದ್ದ. 2013ರಲ್ಲಿ ಆತನಿಗೆ ಪಾಸ್‌ಪೋರ್ಟ್ ಸಿಕ್ಕಿತು. ಇದು ಪರಿಸರಕ್ಕಾಗಿ ಮಾಡಿದ್ದಲ್ಲ. ಬಾಗಿಲು ಮುಚ್ಚಿದ್ದಕ್ಕೆ ಕಿಟಕಿ ಒಡೆದದ್ದು. ಎರಡಕ್ಕೂ ವ್ಯತ್ಯಾಸ ಇದೆ.

ಹೆಜ್ಜೆ:
ಉಂಡವರ ಉಪವಾಸ! ಒಪ್ಪಿದೆ ಅಕ್ಕಾ. ನಾನೂ ಹಾರದೆ ಕಲಿತದ್ದು ಆಸೆಯಿಂದಲ್ಲ, ವೀಸಾ ತಿರಸ್ಕಾರ ಆಗಿತ್ತು. ಮೇಲೆ ಬರೆಯಲು ಸಂಕೋಚ ಆಯಿತು.

ಸಣ್ಣ ತಾಳ:
ಇದನ್ನು ಮೊದಲೇ ಹೇಳಬೇಕಿತ್ತು ಹೆಜ್ಜೆಯವರೇ. ಬಾತ ಹಿಮ್ಮಡಿಗೆ ನಕ್ಕಿದ್ದಕ್ಕೆ ಈಗ ನಿಜವಾಗಿ ಕ್ಷಮೆ.

ಹಳೆ ನಟ:
ರಾಜಕೀಯದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಆದ ಕೂಡಲೇ ರಷ್ಯಾದ ತಂಡಗಳ ಪ್ರವಾಸಗಳು ರದ್ದಾದವು. ಜರ್ಮನಿಯ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ತನ್ನ ಮುಖ್ಯ ನಿರ್ದೇಶಕ, ರಷ್ಯಾದ ಗೆರ್ಗಿಯೆವ್ ಅವರನ್ನು ಕೈಬಿಟ್ಟಿತು. ಇಂಥದ್ದು ಮುಂದೆ ಜಾಸ್ತಿಯೇ ಆಗುತ್ತದೆ. ಸರ್ಕಾರದ ದುಡ್ಡಲ್ಲಿ ಬಾವುಟ ಹಿಡಿದು ಬರುವ ತಂಡವೇ ಬೇರೆ, ಅದೇ ಸರ್ಕಾರಕ್ಕೆ ಹೆದರಿ ಓಡಿಬಂದ ನಟನೇ ಬೇರೆ. ಪಾಸ್‌ಪೋರ್ಟಿನ ಬಣ್ಣ ಮಾತ್ರ ಒಂದೇ. ಬಹಿಷ್ಕಾರ ಹಾಕುವಾಗ ಈ ಇಬ್ಬರನ್ನೂ ಒಂದೇ ಗೋಣಿಗೆ ತುಂಬಬಾರದು ಅಂತ ನನ್ನ ಅಭಿಪ್ರಾಯ.

ಹಾಗೆಯೇ ಒಂದು ರಾತ್ರಿಯ ಸಂಗೀತ ಕಛೇರಿಯಿಂದ ಗೋಡೆ ಬೀಳುತ್ತದೆ ಎನ್ನುವ ನಂಬಿಕೆಯೂ ನನಗಿಲ್ಲ. 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಉತ್ತರ ಕೊರಿಯಾದ ಪ್ಯಾಂಗ್ಯಾಂಗ್‌ಗೆ ಹೋಗಿ ನುಡಿಸಿತು. ಜಗತ್ತೆಲ್ಲ ನೋಡಿತು. ಆಮೇಲೆ? ಅದರ ಪಕ್ಕದಲ್ಲಿ ಇಸ್ರೇಲಿ ಸಂಗೀತಗಾರ ಬಾರೆನ್‌ಬಾಯಿಂ ಮತ್ತು ಪ್ಯಾಲೆಸ್ತೀನ್ ಮೂಲದ ಚಿಂತಕ ಎಡ್ವರ್ಡ್ ಸಯೀದ್ 1999ರಲ್ಲಿ ಕಟ್ಟಿದ ವಾದ್ಯವೃಂದ ಇಟ್ಟು ನೋಡಿ. ಇಸ್ರೇಲಿ, ಅರಬ್ ಹುಡುಗ ಹುಡುಗಿಯರು ಒಂದೇ ಸ್ವರಲಿಪಿಯ ಹಾಳೆ ಹಂಚಿಕೊಂಡು ಕೂತರು. ವರ್ಷ ವರ್ಷ ಕೂತರು. ಅದರಿಂದ ಬರ್ಲಿನ್ನಿನಲ್ಲಿ ಒಂದು ಶಾಲೆಯೇ ಎದ್ದಿತು. ಯುದ್ಧವಂತೂ ನಿಂತಿಲ್ಲ. ಆದರೆ ಶಾಲೆ ನಡೆಯುತ್ತಿದೆ.

ದೀಪದ ಬುಡ:
ಸಾರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಫ್ರಾನ್ಸಿನ ಥಿಯಾಟ್ರ್ ದು ಸೊಲೇ ತಂಡ 2005ರಲ್ಲಿ ಕಾಬೂಲ್‌ಗೆ ಹೋಗಿ ಕಮ್ಮಟ ನಡೆಸಿತು. ಅದರಲ್ಲಿ ಕಲಿತವರು ಆಫ್ತಾಬ್ ಅಂತ ತಮ್ಮದೇ ತಂಡ ಕಟ್ಟಿದರು.

ಭಾಷೆ ಬಗ್ಗೆಯೂ ಒಂದು ಮಾತು. ಈಗ ಮೊಬೈಲ್ ಅನುವಾದ ಮಾಡುತ್ತದೆ, ದುಭಾಷಿ ಯಾಕೆ ಅಂತ ದುಡ್ಡು ಕೊಡುವವರು ಕೇಳಲು ಶುರುಮಾಡಿದ್ದಾರೆ. ನಮ್ಮ ಒಂದು ಅಭ್ಯಾಸದಲ್ಲಿ ನಿರ್ದೇಶಕರು ನಟನಿಗೆ "ಇನ್ನೂ ಸಣ್ಣದಾಗಿ" ಅಂದರು. ಮೊಬೈಲ್ ಅದನ್ನು ಹಾಗೇ ಹೇಳಿತು. ಆ ನಟ ಆರಡಿ ಆಳು. ಮಂಡಿ ಮಡಿಚಿದ, ಭುಜ ಕುಗ್ಗಿಸಿದ, ಕೊನೆಗೆ ನೆಲಕ್ಕೇ ಕುಕ್ಕರುಬಡಿದ. ನಿರ್ದೇಶಕರು ಹೇಳಿದ್ದು ದನಿಯ ಬಗ್ಗೆ. ತಮಾಷೆ ಅಂದರೆ ಆ ದೃಶ್ಯ ಹಾಗೇ ಚೆನ್ನಾಗಿತ್ತು, ಉಳಿಸಿಕೊಂಡೆವು. ಆದರೂ ದುಭಾಷಿ ಬೇಕು. ಊಟದ ಹೊತ್ತಿನಲ್ಲಿ ಯಾರು ಮುನಿಸಿಕೊಂಡಿದ್ದಾರೆ ಅಂತ ಮೊಬೈಲ್ ಹೇಳುವುದಿಲ್ಲ.

ಅರ್ಜಿ ಅಕ್ಕ:
ದುಭಾಷಿಯ ಸಂಬಳವನ್ನು ನಾನು ಅರ್ಜಿಯಲ್ಲಿ "ಇತರೆ ಖರ್ಚು" ಅಂತ ಹಾಕುವುದನ್ನು ಬಿಟ್ಟೆ. ಕಲಾವಿದರ ಪಟ್ಟಿಯಲ್ಲೇ ಹಾಕುತ್ತೇನೆ. ಇತರೆ ಖರ್ಚನ್ನು ಕತ್ತರಿಸುವಷ್ಟು ಸುಲಭವಾಗಿ ಕಲಾವಿದರನ್ನು ಕತ್ತರಿಸುವುದಿಲ್ಲ. ಇನ್ನೊಂದು ಉಪಾಯ: ತಂಡದಲ್ಲಿ ಯಾರಾದರೂ ಒಬ್ಬರಿಗೆ ವೀಸಾ ಸಿಗುವುದಿಲ್ಲ ಅಂತಲೇ ತಿಳಿದು ನಾಟಕ ಕಟ್ಟಲು ಹೇಳುತ್ತೇನೆ. ಯಾರು ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಪಾತ್ರವನ್ನೂ ಅಲ್ಲಿಯ ಒಬ್ಬರು ಕಲಿತಿರಬೇಕು. ಮೊದಮೊದಲು ನಟರಿಗೆ ಸಿಟ್ಟು ಬಂತು. ಈಗ ಅಭ್ಯಾಸ ಆಗಿದೆ.

ಮೂರನೇ ಸಾಲು:
ಎಲ್ಲ ಓದಿದೆ. ಆದರೆ ತೆರೆಮರೆಯವರೇ, ಹದಿನಾಲ್ಕನೇ ಮುಖವಾಡ ಏನಾಯಿತು? ಮಧ್ಯದಲ್ಲೇ ಬಿಟ್ಟಿರಿ.

ತೆರೆಮರೆ:
ಹೌದಲ್ಲ! ಅದು ಆತಿಥೇಯ ತಂಡದ ಅಭ್ಯಾಸದ ಕೋಣೆಯಲ್ಲೇ ಉಳಿದಿತ್ತು. ಅಲ್ಲಿನ ಒಬ್ಬ ಹುಡುಗಿ ನಮ್ಮ ಮುಖವಾಡದ ನಡಿಗೆ ಕಲಿಯುತ್ತಿದ್ದಳು. ಹಿಂದಿನ ರಾತ್ರಿ ಹಾಕಿಕೊಂಡು ಅಭ್ಯಾಸ ಮಾಡಿ ಕನ್ನಡಿಯ ಹಿಂದೆ ನೇತುಹಾಕಿದ್ದಳು. ಬಿಳಿ ಹಾಳೆಯಲ್ಲಿ ಅಧಿಕಾರಿ "13" ಅಂತ ಬರೆದು ಮೊಹರು ಒತ್ತಿದ. ವಿಮಾನವೇನೋ ಸಿಕ್ಕಿತು. ಕೆಲವು ತಿಂಗಳ ನಂತರ ಆ ಒಂದು ಮುಖವಾಡಕ್ಕೆ ಸುಂಕ ಕಟ್ಟಿ ಅಂತ ಕಾಗದ ಬಂತು. ಕಟ್ಟಿದೆವು.

ಹಾಗಾಗಿ ಅದು ಈಗ ಕಾನೂನಿನ ಪ್ರಕಾರ ಆ ದೇಶದ್ದೇ. ಹೋದ ವರ್ಷ ಅವಳು ಒಂದು ಫೋಟೋ ಕಳಿಸಿದ್ದಳು. ಕೆನ್ನೆಯ ಹತ್ತಿರ ಬಣ್ಣ ಹೋಗಿತ್ತು, ಅವಳೇ ಬಳಿದಿದ್ದಾಳೆ. ನಮ್ಮದು ಕೆಂಪು ಇತ್ತು. ಅವಳು ಹಸಿರು ಬಳಿದಿದ್ದಾಳೆ.